ಶಾಲೆಗೆ ಹೋದ ಕಡೆಯ ದಿನ

"ಸಾಲಿ ಯಾಕ ಬಿಟ್ಟಿ?" ಎಂದು ಕೇಳಿದಾಗ ಆ ಹುಡುಗ ನನ್ನ ಮುಖ ನೋಡಲಿಲ್ಲ, ತಾಯಿಯ ಮುಖ ನೋಡಿದ. ತಾಯಿ ಒಳಗೆ ಕುಳಿತಿದ್ದ ಗಂಡನ ಕಡೆ ನೋಡಿದಳು. ಅವನು ಎಲೆಗೆ ಸುಣ್ಣ ಹಚ್ಚುತ್ತ, "ಅವಂಗ ಓದೂ ಮನಸ್ಸ ಇಲ್ರಿ" ಎಂದ. ಹುಕ್ಕೇರಿ ತಾಲ್ಲೂಕಿನ ಆ ಊರಿನಲ್ಲಿ ಅಂದು ನಾನು ಹೋದ ಮನೆಗಳಲ್ಲೆಲ್ಲ ಹೆಚ್ಚು ಕಡಿಮೆ ಇದೇ ನಡೆಯಿತು. ಸಂಜೆ ಗೋಕಾಕದ ಬಸ್ಸಿನಲ್ಲಿ ಕುಳಿತಾಗ, ಬರೆದುಕೊಂಡದ್ದನ್ನು ನಂಬುವುದಾದರೆ ಈ ಸೀಮೆಯ ಮಕ್ಕಳು ಹುಟ್ಟುವಾಗಲೇ ಓದಿನ ಮೇಲೆ ಮುನಿಸಿಕೊಂಡು ಬಂದಿದ್ದಾರೆ ಎನ್ನಬೇಕಾಗಿತ್ತು. ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ. ನನ್ನ ಶಾಲೆಯ ಮಕ್ಕಳಿಗೆಲ್ಲ ಗೊತ್ತಿರುವ ಸಂಗತಿ ಅದು.

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಆ ವರ್ಷ ನನ್ನನ್ನು ಪಾಠದಿಂದ ಬಿಡಿಸಿ ಒಂದು ಅಧ್ಯಯನಕ್ಕೆ ಹಾಕಿದ್ದರು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಎಂಟನೆಯ ತರಗತಿಗೆ ಸೇರಿದ ಮಕ್ಕಳಲ್ಲಿ ಕೆಲವರು ಹತ್ತನೆಯದನ್ನು ಮುಗಿಸದೆ ಎಲ್ಲಿ ಉದುರಿ ಹೋಗುತ್ತಾರೆ, ಯಾಕೆ ಹೋಗುತ್ತಾರೆ ಎಂದು ಮನೆಮನೆಗೆ ಹೋಗಿ ತಿಳಿದು ಬರಬೇಕು. ಕಾರಣಗಳನ್ನು ಮೊದಲೇ ಅಚ್ಚು ಹಾಕಿಸಿ ಕೊಟ್ಟಿದ್ದರು: ಬಡತನ, ಮನೆಗೆಲಸ, ಮದುವೆ, ಆಸಕ್ತಿ ಇಲ್ಲ, ಪಾಲಕರ ನಿರಾಸಕ್ತಿ. ಅದರಲ್ಲೊಂದಕ್ಕೆ ಗುರುತು ಹಾಕಿದರೆ ನನ್ನ ಕೆಲಸ ಮುಗಿಯಿತು. ಕಾರಣ ಮೊದಲೇ ಗೊತ್ತಿದ್ದ ಮೇಲೆ ನನ್ನನ್ನು ಬಿಸಿಲಿನಲ್ಲಿ ಅಲೆಸುವುದು ಯಾಕೆ ಎಂದು ಕೇಳಿದ್ದಕ್ಕೆ ನನ್ನ ಮೇಲಧಿಕಾರಿ ನಕ್ಕು, ಅವು ಇದ್ದರೆ ನಿಮಗೇ ಅನುಕೂಲ ಎಂದಿದ್ದರು.

ಮರುದಿನ ಅದೇ ಊರಿಗೆ ಹೋದಾಗ ನಿನ್ನೆಯ ಹುಡುಗ ಊರ ಬಾಗಿಲ ಅಗಸೆಯ ಹತ್ತಿರ ಸೈಕಲ್ಲಿನ ಚೈನು ಕೂಡಿಸುತ್ತಿದ್ದ. ತಂದೆ ತಾಯಿ ಹತ್ತಿರವಿರಲಿಲ್ಲ. ಇನ್ನೊಮ್ಮೆ ಯಾಕೆ ಎಂದು ಕೇಳಲು ನನಗೇ ಬೇಸರವಾಗಿ, ನೀನು ಕಡೆಯ ಸಲ ಶಾಲೆಗೆ ಹೋದ ದಿನ ಏನಾಯಿತು, ಬೆಳಿಗ್ಗೆಯಿಂದ ಹೇಳು ಎಂದೆ. ಅವನು ಹೇಳತೊಡಗಿದ. ಹಬ್ಬದ ರಜೆಯಲ್ಲಿ ಅವನು ಒಂದು ಗ್ಯಾರೇಜಿನಲ್ಲಿ ಕೆಲಸಕ್ಕೆ ನಿಂತಿದ್ದ. ರಜೆ ಮುಗಿದು ಶಾಲೆಗೆ ಬಂದಾಗ ಕೈಯ ಎಣ್ಣೆಗಪ್ಪು ಪೂರ್ತಿ ಹೋಗಿರಲಿಲ್ಲ. ಉತ್ತರ ಪತ್ರಿಕೆಯ ಮೇಲೆ ಬೆರಳಿನ ಗುರುತು ಮೂಡಿದ್ದಕ್ಕೆ ತರಗತಿ ನಕ್ಕಿತು, ಶಿಕ್ಷಕರು ಕೈ ತೊಳೆದುಕೊಂಡು ಬಾ ಎಂದರು. ನಳದ ಹತ್ತಿರ ಹೋದವನು ಅಲ್ಲಿಂದ ಹಾಗೇ ಗ್ಯಾರೇಜಿಗೆ ಹೋದ. ಅಚ್ಚು ಹಾಕಿಸಿದ ಕಾರಣಗಳಲ್ಲಿ ಇದು ಯಾವುದರ ಕೆಳಗೂ ಕೂರಲಿಲ್ಲ.

ಅಲ್ಲಿಂದ ನಾನು 'ಯಾಕೆ' ಎಂಬ ಪ್ರಶ್ನೆಯನ್ನೇ ಬಿಟ್ಟೆ. ಯಾಕೆ ಎಂದು ಕೇಳಿದರೆ ಜನ ಬಂದವರಿಗೆ ಯಾವುದು ಹಿಡಿಸುತ್ತದೋ ಆ ಉತ್ತರ ಕೊಡುತ್ತಾರೆ. ಕಡೆಯ ದಿನ ಏನಾಯಿತು ಎಂದರೆ ನಡೆದದ್ದನ್ನು ಹೇಳುತ್ತಾರೆ. ಮುಗಿಸಿದ್ದ ಮನೆಗಳಿಗೆಲ್ಲ ಎರಡನೆಯ ಸಲ ಹೋಗಬೇಕಾಯಿತು. ಕೆಲಸ ಹಿಂದೆ ಬಿತ್ತು, ಮೇಲಧಿಕಾರಿಯ ಫೋನು ಜೋರಾಯಿತು. ಆದರೆ ನನಗೆ ಮೊದಲ ಸಲ ಕೆಲಸ ಮಾಡಿದಂತೆ ಅನಿಸುತ್ತಿತ್ತು. ಗೋಕಾಕ ತಾಲ್ಲೂಕಿನಲ್ಲಿ, ಕೌಜಲಗಿಯ ಕಡೆ, ಒಬ್ಬ ಹುಡುಗಿಯ ಕಡೆಯ ದಿನ ಅವಳ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದ ದಿನವಾಗಿತ್ತು. ಬಾಣಂತಿತನ ಮುಗಿಸಿ ಅಕ್ಕ ಗಂಡನ ಮನೆಗೆ ಹೋಗುವಷ್ಟರಲ್ಲಿ ಪಾಠ ಬಹಳ ಮುಂದೆ ಹೋಗಿತ್ತು, ಹೋಗಿ ಏನು ತಿಳಿಯುತ್ತದೆ ಎಂದು ಇವಳು ಮನೆಯಲ್ಲೇ ಉಳಿದಳು. ಬಿಡಬೇಕೆಂದು ಯಾರೂ ತೀರ್ಮಾನಿಸಿರಲಿಲ್ಲ. ಒಂದು ದಿನ ಹೋಗಲಿಲ್ಲ, ಆಮೇಲೆ ಹೋಗುವುದು ಆಗಲಿಲ್ಲ, ಅಷ್ಟೇ.

ದೀಪಾವಳಿ ಕಳೆದು ಕೆಲವು ವಾರಗಳ ಮೇಲೆ ಮೂಡಲಗಿಯ ಪಾಳಿ ಬಂತು. ಗೋಕಾಕದಿಂದ ಸ್ಕೂಟಿಯಲ್ಲಿ ಹೊರಟು, ದಾರಿಯಲ್ಲಿ ತುಕ್ಕಾನಟ್ಟಿಯಲ್ಲಿ ಚಹಾ ಕುಡಿದು, ಮೂಡಲಗಿ ತಾಲ್ಲೂಕಿನ ಆ ಊರು ಮುಟ್ಟಿದಾಗ ಪ್ರಾರ್ಥನೆ ಆಗತಾನೆ ಮುಗಿದಿತ್ತು. ಊರಿನ ಹೆಸರು ಬೇಡ. ಅಲ್ಲಿಯ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು ನನಗಿಂತ ಹಿರಿಯರು, ಗಣಿತದವರು, ಶಾಲೆಯನ್ನು ಮನೆಗಿಂತ ಹೆಚ್ಚು ಮಾಡಿಕೊಂಡವರು. ವರ್ಷ ವರ್ಷದ ಹತ್ತನೆಯ ತರಗತಿಯ ಫಲಿತಾಂಶವನ್ನು ಬಾಗಿಲ ಬಾಜೂ ಗೋಡೆಗೆ ಬಣ್ಣದಲ್ಲಿ ಬರೆಸಿದ್ದರು. ಅದು ಮೆಟ್ಟಿಲು ಹತ್ತಿದಂತೆ ಏರುತ್ತಲೇ ಬಂದಿತ್ತು. ಅದಕ್ಕೆ ಕಾರಣ ಸಂಜೆಯ ವಿಶೇಷ ತರಗತಿ ಎಂದು ಅವರೇ ಹೇಳಿದರು. ದೀಪಾವಳಿಯಿಂದ ಪರೀಕ್ಷೆಯ ತನಕ ಶಾಲೆ ಬಿಟ್ಟ ಮೇಲೆ ಹತ್ತನೆಯವರನ್ನು ಆರೂವರೆಯವರೆಗೆ ಕೂರಿಸಿಕೊಂಡು ಕಠಿಣ ಪಾಠಗಳನ್ನು ಮತ್ತೆ ಮಾಡುತ್ತಿದ್ದರು. ಮಕ್ಕಳಿಗೆ ಹಸಿವಾಗಬಾರದೆಂದು ತಮ್ಮ ಖರ್ಚಿನಲ್ಲೇ ಚುರುಮುರಿ ತರಿಸುತ್ತಿದ್ದರು. ಅವರ ಬಗ್ಗೆ ನನಗೆ ಗೌರವ ಹುಟ್ಟಿತು, ಅದು ಇವತ್ತಿಗೂ ಇದೆ.

ಶಾಲೆ ಬಿಟ್ಟವರ ವಿಷಯ ತೆಗೆದಾಗ ಅವರ ಮುಖ ಸಣ್ಣದಾಯಿತು. ಬಿಟ್ಟವರಲ್ಲಿ ಹೆಚ್ಚಿನವರು ತೋಟದ ವಸ್ತಿಯ ಹುಡುಗಿಯರು, ತಂದೆ ತಾಯಿಗೆ ಓದಿನ ಮೇಲೆ ಆಸ್ಥೆ ಇಲ್ಲ, ಏನು ಮಾಡುವುದು ಎಂದರು. ನಮ್ಮ ಕಡೆ ಅನೇಕ ರೈತರು ಊರೊಳಗೆ ಇರುವುದಿಲ್ಲ, ಹೊಲದಲ್ಲೇ ಮನೆ ಕಟ್ಟಿಕೊಂಡಿರುತ್ತಾರೆ. ಅಂಥ ನಾಲ್ಕಾರು ಮನೆಗಳು ಹತ್ತಿರ ಹತ್ತಿರ ಇದ್ದರೆ ಅದೊಂದು ವಸ್ತಿ. ಅವರು ಹೇಳಿದ ವಸ್ತಿ ಶಾಲೆಯಿಂದ ಮುಕ್ಕಾಲು ತಾಸಿನ ನಡಿಗೆ.

ವಸ್ತಿಯ ಮೊದಲ ಮನೆಯಲ್ಲಿ ಒಬ್ಬ ಹುಡುಗಿ ಎಮ್ಮೆಗಳ ಮುಂದೆ ಕಬ್ಬಿನ ಸೋಗೆ ಹಾಕುತ್ತಿದ್ದಳು. ಮೈಮೇಲೆ ಶಾಲೆಯ ಸಮವಸ್ತ್ರದ ಹಳೆಯ ಅಂಗಿ. ಅವಳೂ ಮುಖ್ಯೋಪಾಧ್ಯಾಯರು ಹೇಳಿದವರಲ್ಲಿ ಒಬ್ಬಳು: ಹತ್ತನೆಯ ತರಗತಿ, ದೀಪಾವಳಿಯಾಗಿ ಕೆಲವು ದಿನ ಬಂದು ಆಮೇಲೆ ಬಂದಿಲ್ಲ. ತಾಯಿ ನನಗೆ ಕಂಬಳಿ ಹಾಸಿ, ನೀರು ಕೊಟ್ಟು, ಮನೆಯಲ್ಲಿ ಕೆಲಸ ಬಹಳ ಎಂದು ತಾನಾಗಿಯೇ ಹೇಳಿದಳು. ನಾನು ಅದಕ್ಕೆ ತಲೆಯಾಡಿಸಿ ಹುಡುಗಿಯ ಕಡೆ ತಿರುಗಿ, ನೀನು ಶಾಲೆಗೆ ಹೋದ ಕಡೆಯ ದಿನದ್ದು ಹೇಳು ಎಂದೆ.

ಹಿಂದಿನ ಸಂಜೆ ಅವಳು ವಿಶೇಷ ತರಗತಿಗೆ ಕೂರದೆ ಮನೆಗೆ ಬಂದಿದ್ದಳು, ಹೊತ್ತಾಗುತ್ತದೆ ಎಂದು. ತರಗತಿಗೆ ಕೂರದವರನ್ನು ಮರುದಿನ ಒಳಗೆ ಬಿಡುವುದಿಲ್ಲ, ತಂದೆಯನ್ನು ಕರೆದುಕೊಂಡು ಬರಬೇಕು ಎಂಬುದು ಮುಖ್ಯೋಪಾಧ್ಯಾಯರ ಕಟ್ಟಳೆ. ಅವಳನ್ನು ಮೂರನೆಯ ಪಿರಿಯಡ್ಡಿನ ತನಕ ಹೊರಗೆ ನಿಲ್ಲಿಸಿ, ತಂದೆಯನ್ನು ಕರೆತಾ ಎಂದು ಕಳಿಸಿದರು. ತಂದೆ ಟ್ರ್ಯಾಕ್ಟರ್ ಡ್ರೈವರ್. ಕಬ್ಬು ನುರಿಸುವ ಹಂಗಾಮು ಶುರುವಾದರೆ ಹೊಲದಿಂದ ಫ್ಯಾಕ್ಟರಿಗೆ, ಫ್ಯಾಕ್ಟರಿಯಿಂದ ಹೊಲಕ್ಕೆ, ಮನೆಗೆ ಬಂದರೂ ಉಂಡು ಒಂದು ನಿದ್ದೆ ಮಾಡುವಷ್ಟೇ ಹೊತ್ತು.

ನಾನು ಎಂದಿನ ಅಭ್ಯಾಸದಲ್ಲಿ, ಹಾಗಾದರೆ ಶಾಲೆ ಬಿಟ್ಟದ್ದು ಅವತ್ತೇ ಎಂದೆ. ಹುಡುಗಿ ಕೈಯಲ್ಲಿದ್ದ ಸೋಗೆ ಕೆಳಗಿಟ್ಟಳು.

"ನಾ ಸಾಲಿ ಬಿಟ್ಟಿಲ್ರಿ ಅಕ್ಕೋರ. ಅಪ್ಪ ಬರೂ ಹಾದಿ ನೋಡಾಕತ್ತೇನಿ."

ಅವಳ ಹಿಂದೆ ಗೋಡೆಗೆ ಒರಗಿ ಒಂಬತ್ತನೆಯ ತರಗತಿಯ ತಂಗಿ ಲೆಕ್ಕ ಬಿಡಿಸುತ್ತಿದ್ದಳು. ಜ್ವರ ಬಂದಿದೆ ಎಂದು ಅವತ್ತು ಮನೆಯಲ್ಲಿದ್ದಳಂತೆ. ತಂಗಿಗೆ ಅಡ್ಡಿಯಿರಲಿಲ್ಲ, ಒಂಬತ್ತನೆಯವರಿಗೆ ಸಂಜೆ ತರಗತಿ ಇಲ್ಲ. ನಡುನಡುವೆ ತಂಗಿ ಲೆಕ್ಕ ತೋರಿಸುವಳು, ಅಕ್ಕ ಬೆರಳಿಟ್ಟು ತಪ್ಪು ಹೇಳುವಳು.

ತಾಯಿ ನನ್ನನ್ನು ಕಳಿಸಲು ದಾರಿಯ ತನಕ ಬಂದಳು. ಮಗಳಿಗೆ ಕೇಳಿಸಬಾರದೆಂದು ದನಿ ತಗ್ಗಿಸಿ, ತನ್ನ ನಾದಿನಿ ಅವಳ ಮಗನಿಗೆ ಇವಳನ್ನು ಕೇಳಿದ್ದಾಳೆ ಎಂದಳು. ಮದುವೆ ಈಗಲೇ ಅಲ್ಲ, ಹದಿನೆಂಟು ತುಂಬಿದ ಮೇಲೆ, ಆದರೆ ಮಾತು ಆಗಿಬಿಡಲಿ ಎನ್ನುತ್ತಾರಂತೆ. ಯಾವಾಗ ಕೇಳಿದರು ಎಂದೆ. ಹೋದ ವಾರ ಎಂದಳು. "ಸಾಲೀಗಿ ಹೋಗೂ ಹುಡಿಗೀನ ಯಾರೂ ಕೇಳಂಗಿಲ್ರಿ. ಮನ್ಯಾಗ ಕುಂತಳಂದ್ರ ಎಲ್ಲಾರ ಕಣ್ಣಿಗೂ ಕಾಣ್ತಾಳ."

ಉಳಿದ ಮನೆಗಳಿಗೂ ಹೋದೆ. ಹಿಂದಿನ ವರ್ಷಗಳಲ್ಲಿ ಶಾಲೆ ಬಿಟ್ಟವರಲ್ಲಿ ಒಬ್ಬಳು ಕಂಕುಳಲ್ಲಿ ಕೂಸು ಎತ್ತಿಕೊಂಡು ತವರಿಗೆ ಬಂದಿದ್ದಳು. ಶಾಲೆಯವರ ಪ್ರಕಾರ ಅವಳು ಬಿಟ್ಟದ್ದು ಮದುವೆಗಾಗಿ. ಕಡೆಯ ದಿನ ಕೇಳಿದರೆ ಅವಳದೂ ಅದೇ: ಹೊರಗೆ ನಿಂತದ್ದು, ತಂದೆ ಬರದೆ ಹೋದದ್ದು. ವರ ನೋಡಲು ಬಂದದ್ದು ಅದಾದ ಎಷ್ಟೋ ತಿಂಗಳ ಮೇಲೆ. ಮದುವೆಯಾಗಿ ಶಾಲೆ ಬಿಟ್ಟಿರಲಿಲ್ಲ, ಶಾಲೆ ಬಿಟ್ಟು ಮನೆಯಲ್ಲಿ ಕುಳಿತದ್ದಕ್ಕೆ ಮದುವೆಯಾಗಿತ್ತು. ನಾವು ಇಷ್ಟು ದಿನ ಎತ್ತಿನ ಮುಂದೆ ಬಂಡಿ ಹೂಡಿ ವರದಿ ಬರೆಯುತ್ತಿದ್ದೆವು.

ಆದರೂ ಒಂದು ಮಾತು ನನಗೆ ಸರಿಹೋಗಲಿಲ್ಲ. ಹೊತ್ತಾಗುತ್ತದೆ ಎಂದು ಎಲ್ಲರೂ ಅನ್ನುತ್ತಿದ್ದರು. ಆರೂವರೆ ಅಂಥ ಹೊತ್ತೇ? ನಮ್ಮ ಊರಿನಲ್ಲಿ ಟ್ಯೂಷನ್ ಮುಗಿಸಿ ಹುಡುಗಿಯರು ಅದಕ್ಕಿಂತ ತಡವಾಗಿ ಬರುತ್ತಾರೆ. ಮರುದಿನ ಸ್ಕೂಟಿ ಶಾಲೆಯಲ್ಲೇ ಬಿಟ್ಟು, ವಿಶೇಷ ತರಗತಿ ಮುಗಿದ ಮೇಲೆ ವಸ್ತಿಗೆ ಒಬ್ಬಳೇ ನಡೆದುಕೊಂಡು ಹೊರಟೆ.

ಊರು ದಾಟುವವರೆಗೆ ಬೀದಿ ದೀಪದ ಬೆಳಕಿತ್ತು. ಟಾರು ರಸ್ತೆ ಬಿಟ್ಟು ತೋಟದ ದಾರಿಗೆ ಇಳಿದೊಡನೆ ಎರಡೂ ಕಡೆ ಕಬ್ಬು. ಹಗಲು ನಾನು ಸ್ಕೂಟಿಯ ಮೇಲೆ ಇದೇ ದಾರಿಯಲ್ಲಿ ಬಂದಿದ್ದೆ, ಚೆಂದವಾಗಿ ಬೆಳೆದಿದೆ ಎಂದುಕೊಂಡಿದ್ದೆ. ಈಗ ಅದು ನನ್ನ ತಲೆಗಿಂತ ಎತ್ತರಕ್ಕೆ ಗೋಡೆ ಕಟ್ಟಿದಂತೆ ನಿಂತಿತ್ತು, ಮೇಲೊಂದು ಸೀಳು ಆಕಾಶ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಒಳಗೆ ಏನೋ ಸರಸರ ಎಂದರೆ ಹಂದಿಯೋ ಮನುಷ್ಯನೋ ತಿಳಿಯದು. ನೀರು ಬಿಟ್ಟಿದ್ದರಿಂದ ದಾರಿ ಕೆಸರಾಗಿತ್ತು, ಓಡುವಂತಿರಲಿಲ್ಲ. ಎದುರಿನಿಂದ ಕಬ್ಬು ತುಂಬಿದ ಟ್ರ್ಯಾಕ್ಟರ್ ಹಾಡು ಹಚ್ಚಿಕೊಂಡು ಬಂತು. ಪಕ್ಕಕ್ಕೆ ಸರಿಯಲು ಜಾಗವಿಲ್ಲದೆ ನಾನು ಕಬ್ಬಿನೊಳಗೆ ಬೆನ್ನು ಒತ್ತಿ ನಿಂತೆ. ಬೆಳಕು ನನ್ನ ಮೇಲೆ ಬಿದ್ದೊಡನೆ ಹಾಡಿನ ಸದ್ದು ತಗ್ಗಿತು, ಮೇಲೆ ಕುಳಿತವರು ಏನೋ ಅಂದರು, ನಕ್ಕರು. ಟ್ರ್ಯಾಕ್ಟರ್ ಮುಂದೆ ಹೋಯಿತು, ಮತ್ತೆ ಹಾಡು ಜೋರಾಯಿತು. ಯಾರೂ ನನಗೆ ಏನೂ ಮಾಡಲಿಲ್ಲ. ಆದರೆ ಆ ಹಾಡು ಪೂರ್ತಿ ದೂರವಾಗುವ ತನಕ ನಾನು ಕಬ್ಬಿನಿಂದ ಹೊರಗೆ ಬರಲಿಲ್ಲ. ನನಗೆ ಕಾಲೇಜಿಗೆ ಹೋಗುವ ಮಗನಿದ್ದಾನೆ, ನನ್ನ ಬಾಯಿಗೆ ಹೆದರುವವರು ಬಹಳ ಜನ ಇದ್ದಾರೆ. ಹದಿನೈದರ ಹುಡುಗಿ ಇಲ್ಲಿ ದಿನಾ ಹೇಗೆ ನಡೆದಾಳು?

ಕಡೆಯ ದಿನಗಳೆಲ್ಲ ಯಾಕೆ ಒಂದೇ ಕಾಲದಲ್ಲಿ ಬರುತ್ತಿದ್ದವು ಎಂಬುದು ಆಗ ತಿಳಿಯಿತು. ಕಬ್ಬು ಆಳೆತ್ತರ ಮೀರುವುದು, ಹೊತ್ತು ಬೇಗ ಮುಳುಗುವುದು, ಫ್ಯಾಕ್ಟರಿಯ ಟ್ರ್ಯಾಕ್ಟರುಗಳು ಓಡಾಡುವುದು, ವಿಶೇಷ ತರಗತಿ ಶುರುವಾಗುವುದು, ಈ ನಾಲ್ಕೂ ದೀಪಾವಳಿಯ ಸುತ್ತ ಬಂದು ಕೂಡುತ್ತವೆ. ಕಟಾವು ಆಗಿ ಬಯಲು ಬಿದ್ದ ಮೇಲೆ ದಾರಿ ಸುಲಭ, ಆದರೆ ಅಷ್ಟರಲ್ಲಿ ಹಾಜರಾತಿ ಕಡಿಮೆಯಾಗಿ ಪರೀಕ್ಷೆಯ ಬಾಗಿಲು ಮುಚ್ಚಿರುತ್ತದೆ.

ಮೇಲಧಿಕಾರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು ಸಮಾಧಾನದಿಂದಲೇ ಕೇಳಿದರು. ವರದಿಯಲ್ಲಿ ಬರೆಯಿರಿ, ಆದರೆ ಪರೀಕ್ಷೆಯ ಹೊತ್ತಿನಲ್ಲಿ ಒಂದು ಶಾಲೆಯ ಆಡಳಿತಕ್ಕೆ ಕೈ ಹಾಕಬೇಡಿ, ನಿಮ್ಮನ್ನು ಕಳಿಸಿದ್ದು ಅಧ್ಯಯನಕ್ಕೆ, ಪಂಚಾಯಿತಿ ಮಾಡುವುದಕ್ಕಲ್ಲ ಎಂದರು. ಅವರ ಮಾತು ನಿಯಮದ ಪ್ರಕಾರ ಸರಿಯಾಗಿತ್ತು. ವರದಿ ಬರೆದು, ಅದು ಮೇಲೆ ಹೋಗಿ, ಅದರ ಮೇಲೆ ಸಭೆಯಾಗಿ, ಸುತ್ತೋಲೆ ಕೆಳಗೆ ಬರುವಷ್ಟರಲ್ಲಿ ಆ ಹುಡುಗಿ ನಾದಿನಿಯ ಮನೆಯ ಸೊಸೆಯಾಗುವುದು ಖಾತ್ರಿಯಾಗಿರುತ್ತಿತ್ತು. ಎರಡು ದಿನ ನನ್ನೊಳಗೇ ಜಗಳವಾಡಿದೆ. ಮೂರನೆಯ ದಿನ ಮುಖ್ಯೋಪಾಧ್ಯಾಯರ ಕೋಣೆಗೆ ಹೋಗಿ ಬಾಗಿಲು ಮುಂದಕ್ಕೆ ಎಳೆದು ಕುಳಿತೆ.

ನಾನು ಹೇಳುತ್ತ ಹೋದಂತೆ ಅವರ ಮುಖ ಕೆಂಪಾಯಿತು. ಜಾಣ ಮಕ್ಕಳಿಗಷ್ಟೇ ಕಲಿಸಿದವನು ನಾನಲ್ಲ, ದಡ್ಡರನ್ನೂ ಎಳೆದು ದಡ ಸೇರಿಸಿದ್ದೇನೆ, ಅದಕ್ಕಾಗಿಯೇ ಈ ಕಟ್ಟಳೆ ಎಂದರು. ಬಿಗಿ ಇರದಿದ್ದರೆ ಯಾರು ಕೂರುತ್ತಾರೆ ಎಂದರು. ಆಮೇಲೆ ದನಿ ಒಡೆಯಿತು. "ನೀವು ವರದಿ ಬರದ ಹೋಗ್ತೀರಿ ಮೇಡಂ. ರಿಸಲ್ಟ್ ಇಳದ್ರ ನೋಟಿಸ್ ಬರೂದು ನನಗ. ಆವಾಗ ಕಬ್ಬು ಎತ್ತರ ಇತ್ತು ಅಂತ ಬರೀಲೇನು?"

ನನಗೂ ಸಿಟ್ಟು ನೆತ್ತಿಗೇರಿತ್ತು. ಆದರೆ ಜಗಳಕ್ಕೆ ಬಂದರೆ ಗೆಲ್ಲುವುದು ನಾನು, ಸೋಲುವುದು ಹುಡುಗಿ ಎಂದು ತಡೆದುಕೊಂಡೆ. ಸಂಜೆ ತರಗತಿ ಶುರು ಮಾಡಿದಂದಿನಿಂದ ತೋಟದ ವಸ್ತಿಗಳಿಂದ ಹತ್ತನೆಯದಕ್ಕೆ ಬಂದ ಹುಡುಗಿಯರು ಯಾರು ಯಾರು, ನೆನಪಿದೆಯೇ ಎಂದಷ್ಟೇ ಕೇಳಿದೆ. ಅವರಿಗೆ ತಮ್ಮ ಮಕ್ಕಳ ನೆನಪು ದೊಡ್ಡದು. ಒಬ್ಬೊಬ್ಬಳ ಹೆಸರು ಹೇಳಿ, ಇವಳು ಬೀಜಗಣಿತದಲ್ಲಿ ಚುರುಕು, ಇವಳ ಅಕ್ಷರ ಮುತ್ತು, ಇವಳಿಗೆ ಹಾಡು ಬರುತ್ತಿತ್ತು ಎನ್ನುತ್ತ ಹೋದರು. ಇವರಲ್ಲಿ ಪರೀಕ್ಷೆಗೆ ಕೂತವರು ಯಾರು ಎಂದು ನಾನು ಕೇಳಲಿಲ್ಲ. ಹೇಳುತ್ತ ಹೇಳುತ್ತ ಅವರ ಮಾತು ತಾನಾಗಿಯೇ ನಿಂತಿತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಗೋಡೆಯ ಮೇಲೆ ಏರುತ್ತ ಹೋದ ಫಲಿತಾಂಶ ಪರೀಕ್ಷೆಗೆ ಕೂತವರದ್ದು. ಕೂರದೆ ಹೋದವರು ಆ ಲೆಕ್ಕದಲ್ಲಿ ಇರಲೇ ಇಲ್ಲ, ಅವರು ಹೋದಷ್ಟೂ ಲೆಕ್ಕ ಚೆನ್ನಾಗಿ ಕಂಡಿತ್ತು. ಗಣಿತದವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಬೆಳಿಗ್ಗೆ ಬೇಗ ತರಗತಿ ಮಾಡಿದರೆ ಹೇಗೆ ಎಂದೆ. ಆಗದು, ಬೆಳಿಗ್ಗೆ ಹಾಲು ಹಿಂಡಿ ಡೇರಿಗೆ ಹಾಕಬೇಕು, ಆ ಕೆಲಸ ಹುಡುಗಿಯರದೇ ಎಂದರು. ಅದು ಅವರಿಗೆ ಗೊತ್ತಿತ್ತು. ಕಡೆಗೆ ದಿನದ ಕೊನೆಯ ಪಿರಿಯಡ್ಡು ಮತ್ತು ಅದರ ಮೇಲೆ ಅರ್ಧ ತಾಸು ಸೇರಿಸಿ, ಐದರೊಳಗೆ ಬಿಡುವುದೆಂದಾಯಿತು. ಆಟದ ಪಿರಿಯಡ್ಡು ಹೋಯಿತೆಂದು ಆಟದ ಮಾಸ್ತರರು ಮುಖ ಊದಿಸಿಕೊಂಡರು. ಅವರ ಸಿಟ್ಟೂ ನ್ಯಾಯವೇ, ಆದರೆ ಎಲ್ಲರಿಗೂ ನ್ಯಾಯ ಸಿಗುವಂಥ ಗಂಟೆ ಒಂದೂ ನಮಗೆ ಸಿಗಲಿಲ್ಲ. ಹಾಜರಾತಿಯ ಲೆಕ್ಕ ಹಾಕಿ ನೋಡಿದ ಮುಖ್ಯೋಪಾಧ್ಯಾಯರು, ಹುಡುಗಿ ಇನ್ನು ಒಂದು ದಿನವೂ ತಪ್ಪಿಸದಿದ್ದರೆ ಪರೀಕ್ಷೆಗೆ ಕೂರಬಹುದು ಎಂದರು.

ನಾನು ವಸ್ತಿಗೆ ಓಡಿದೆ. ತಾಯಿ ಸಂತೋಷಪಡಲಿಲ್ಲ. ಕಳಿಸಬೇಡ ಎಂದವನು ಗಂಡ, ಮಗಳಿಗೆ ಅದನ್ನು ಹೇಳಿಲ್ಲ, ಅವನೇ ಹೇಳದೆ ತಾನು ಕಳಿಸಲಾರೆ, ನಾಳಿದ್ದು ನಾದಿನಿ ಬರುತ್ತಾಳೆ ಎಂದಳು. ಗಂಡ ಎಲ್ಲಿ ಎಂದರೆ ಫ್ಯಾಕ್ಟರಿಯ ಮುಂದೆ, ಟ್ರ್ಯಾಕ್ಟರುಗಳ ಪಾಳಿಯಲ್ಲಿ. ಫೋನು ಹತ್ತಲಿಲ್ಲ. ಶಾಲೆಗೆ ಮರಳಿ ವಿಷಯ ತಿಳಿಸಿದಾಗ ಮುಖ್ಯೋಪಾಧ್ಯಾಯರು ಎದ್ದು ತಮ್ಮ ಬೈಕಿನ ಕೀಲಿ ತೆಗೆದುಕೊಂಡರು. ತಂದೆಯನ್ನು ಶಾಲೆಗೆ ಕರೆತಾ ಎಂದಿದ್ದ ಮನುಷ್ಯ ತಾವೇ ತಂದೆಯನ್ನು ಹುಡುಕಿಕೊಂಡು ಹೊರಟರು. ನಾನು ಹಿಂದೆ ಸ್ಕೂಟಿಯಲ್ಲಿ ಹೋದೆ.

ಪಾಳಿಯ ಸಾಲು ಫ್ಯಾಕ್ಟರಿಯ ಬಾಗಿಲಿನಿಂದ ಹಿಡಿದು ರಸ್ತೆಯ ಅಂಚಿನಲ್ಲಿ ಕಣ್ಣಳತೆ ಮೀರಿ ನಿಂತಿತ್ತು. ಟ್ರಾಲಿಗಳ ಕೆಳಗಿನ ನೆರಳಿನಲ್ಲಿ ಡ್ರೈವರುಗಳು ಮಲಗಿದ್ದರು, ಕೆಲವರು ಕಲ್ಲು ಹೂಡಿ ಅಡುಗೆ ಮಾಡುತ್ತಿದ್ದರು. ಮುಖ್ಯೋಪಾಧ್ಯಾಯರು ಇಸ್ತ್ರಿಯ ಅಂಗಿಯಲ್ಲಿ, ಪ್ರತಿ ಟ್ರಾಲಿಯ ಕೆಳಗೂ ಬಗ್ಗಿ, ಹುಡುಗಿಯ ತಂದೆಯ ಹೆಸರು ಹಿಡಿದು ಕೇಳುತ್ತ ನಡೆದರು. ಸಿಕ್ಕಿದವನು ನಿದ್ದೆಗಣ್ಣಿನಲ್ಲಿ ಎದ್ದು, ಇವರನ್ನು ಕಂಡು ಗಾಬರಿಯಾಗಿ ತಲೆಯ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದ. ಮಗಳಿಗೆ ಏನಾದರೂ ಆಯಿತೇ ಎಂಬುದು ಅವನ ಮೊದಲ ಮಾತು. ಏನೂ ಆಗಿಲ್ಲ, ಶಾಲೆಗೆ ಕಳಿಸು ಎಂದು ಕೇಳಲು ಬಂದಿದ್ದೇವೆ ಎಂದಾಗ ಅವನು ಸುತ್ತಲಿನ ಡ್ರೈವರುಗಳ ಕಡೆ ಒಮ್ಮೆ ನೋಡಿ, ನಮ್ಮನ್ನು ಸ್ವಲ್ಪ ದೂರ ಕರೆದುಕೊಂಡು ಹೋದ.

"ನಾನೂ ಡ್ರೈವರ್ ಅದೇನ್ರಿ ಸರ. ಹೊತ್ತ ಮುಳಗಿದ ಮ್ಯಾಲೆ ದಾರ್ಯಾಗ ಒಂದ ಹುಡಿಗಿ ಕಂಡ್ರ ನಮ್ಮ ಮಂದಿ ಏನ ಮಾತಾಡ್ತಾರ, ದಿನಾ ಕೇಳ್ತೇನಿ. ನಾನೂ ನಕ್ಕೇನಿ ಒಮ್ಮೊಮ್ಮೆ. ಅದ ದಾರ್ಯಾಗ ನನ್ನ ಮಗಳ್ನ ಹೆಂಗ ಕಳಸಲಿ?"

ಇಷ್ಟು ವರ್ಷ ಆಸ್ಥೆ ಇಲ್ಲದ ಪಾಲಕರು ಎಂದು ತಾವು ಕರೆದದ್ದು ಇವನನ್ನೇ ಎಂದು ಮುಖ್ಯೋಪಾಧ್ಯಾಯರಿಗೆ ಅನ್ನಿಸಿರಬೇಕು. ಕಡೆಗೆ, "ಐದರೊಳಗ ಬಿಡ್ತೇನಪಾ. ಬೆಳಕ ಇರತೈತಿ" ಎಂದರು. ಅವನು ಟವೆಲ್ ಹಿಂಡುತ್ತ, ಪರೀಕ್ಷೆ ಮುಗಿಯುವ ತನಕ ಮದುವೆಯ ಮಾತು ಬೇಡವೆಂದು ನನ್ನ ತಂಗಿಗೆ ಹೇಳುತ್ತೇನೆ ಎಂದ. ನನ್ನ ಫೋನಿನಿಂದಲೇ ಹೆಂಡತಿಗೆ ಹೇಳಿದ.

ಮರುದಿನ ಹುಡುಗಿ ಬಂದಳು. ಅವಳ ಹಿಂದೆ ಬೇರೆ ವಸ್ತಿಗಳಿಂದಲೂ ಕೆಲವರು ಬಂದರು. ನನ್ನ ಮೂಡಲಗಿಯ ಕೆಲಸ ಮುಗಿದು ಎಷ್ಟೋ ದಿನವಾಗಿದ್ದರೂ ಏನಾದರೂ ನೆಪ ತೆಗೆದು ಅಲ್ಲಿಗೆ ಹೋಗಿ ಬರುತ್ತಿದ್ದೆ. ಸಮಾಜ ವಿಜ್ಞಾನದ ಪಾಠಗಳನ್ನು ಒಂದೆರಡು ಸಲ ನಾನೇ ಮಾಡಿದೆ. ಹುಡುಗಿ ಮುಂದಿನ ಬೆಂಚಿನಲ್ಲಿ ಕುಳಿತು ಒಂದೂ ಪ್ರಶ್ನೆ ಕೇಳದೆ ಬರೆದುಕೊಳ್ಳುತ್ತಿದ್ದಳು. ತಪ್ಪಿಸಿಕೊಂಡ ಪಾಠಗಳು ಅವಳಿಗೆ ಹೊರೆಯಾಗಿದ್ದವು ಎಂದು ಕಾಣುತ್ತಿತ್ತು. ಪರೀಕ್ಷೆಯ ದಿನ ತಂದೆಯೇ ಟ್ರ್ಯಾಕ್ಟರಿನಲ್ಲಿ ಕರೆತಂದು ಕೇಂದ್ರದ ಬಾಗಿಲಲ್ಲಿ ಇಳಿಸಿದನಂತೆ.

ಫಲಿತಾಂಶ ಬಂದಾಗ ಅವಳು ಗಣಿತದಲ್ಲಿ ಫೇಲಾಗಿದ್ದಳು. ತಡವಾಗಿ ಮರಳಿ ಬಂದವರಲ್ಲಿ ಇನ್ನೂ ಕೆಲವರು ಫೇಲಾದರು, ಕೆಲವರು ಪಾಸಾದರು. ಗೋಡೆಯ ಮೇಲೆ ಏರುತ್ತ ಬಂದಿದ್ದ ಫಲಿತಾಂಶ ಆ ವರ್ಷ ಜಾರಿತು. ಮುಖ್ಯೋಪಾಧ್ಯಾಯರಿಗೆ ಕಾರಣ ಕೇಳಿ ನೋಟಿಸ್ ಬಂತು. ಅವರು ನನಗೆ ಫೋನು ಮಾಡಿದಾಗ ಬೈಸಿಕೊಳ್ಳಲು ತಯಾರಾಗಿಯೇ ಎತ್ತಿದೆ. ಅವರು ಬೈಯಲಿಲ್ಲ. ಹುಡುಗಿ ಎರಡನೆಯ ಪರೀಕ್ಷೆಗೆ ಕೂರಬೇಕು, ಆ ತನಕ ಮನೆಯಲ್ಲಿ ಕುಳಿತರೆ ಏನಾಗುತ್ತದೆ ಎಂದು ನಿಮಗೂ ಗೊತ್ತು ನನಗೂ ಗೊತ್ತು, ದಿನಾ ಶಾಲೆಗೆ ಬರಲಿ, ಬೇಸಿಗೆಯಾದರೂ ನಾನು ಬಾಗಿಲು ತೆರೆಯುತ್ತೇನೆ ಎಂದರು. "ಈಗ ಆಕಿ ಪಾಸಾದ್ರೂ ನನ್ನ ಗ್ವಾಡೀಗಿ ಬರಂಗಿಲ್ರಿ. ಆದ್ರೂ ಆಕಿ ಬರ್ಲಿ" ಎಂದು ಸೇರಿಸಿದರು. ಗೋಡೆಗೆ ಬರೆಸುತ್ತಿದ್ದದ್ದು ಮೊದಲ ಪರೀಕ್ಷೆಯ ಫಲಿತಾಂಶ ಮಾತ್ರ. ನಾನು ಫೋನು ಇಟ್ಟು ಸ್ವಲ್ಪ ಹೊತ್ತು ಅತ್ತೆ.

ಅವಳು ಎರಡನೆಯ ಪರೀಕ್ಷೆಯಲ್ಲಿ ಪಾಸಾದಳು. ಮೂಡಲಗಿಯ ಕಾಲೇಜಿಗೆ ಹೆಸರು ಹಚ್ಚಿದಳು. ಇದನ್ನು ಇಲ್ಲಿಗೆ ನಿಲ್ಲಿಸಬಹುದಿತ್ತು, ನಿಲ್ಲಿಸಲು ಮನಸ್ಸೂ ಇತ್ತು.

ನನ್ನ ವರದಿಯಲ್ಲಿ ಸಂಜೆ ತರಗತಿ, ಹೊರಗೆ ನಿಲ್ಲಿಸುವ ಕಟ್ಟಳೆ, ಕಬ್ಬಿನ ದಾರಿ ಎಲ್ಲವನ್ನೂ ಬರೆದಿದ್ದೆ. ಅಂತಿಮ ಪ್ರತಿಯಲ್ಲಿ ಅದು 'ಶಾಲೆಗೆ ತಲುಪುವ ದಾರಿಯ ಅನನುಕೂಲ' ಎಂಬ ಒಂದು ಸಾಲಾಗಿ ಉಳಿದಿತ್ತು. ಅದರ ಮೇಲೆ ಪಾಲಕರ ನಿರಾಸಕ್ತಿ, ಕೆಳಗೆ ಬಾಲ್ಯವಿವಾಹ. ಹೊಸ ಶೈಕ್ಷಣಿಕ ವರ್ಷದ ಮೊದಲ ಸಭೆಯಲ್ಲಿ ಫಲಿತಾಂಶ ಇಳಿದ ಶಾಲೆಗಳ ಹೆಸರು ಓದಿದರು, ನಮ್ಮ ಮುಖ್ಯೋಪಾಧ್ಯಾಯರನ್ನು ಎಬ್ಬಿಸಿ ನಿಲ್ಲಿಸಿದರು. ಈ ಸಲ ಹತ್ತನೆಯವರಿಗೆ ಎಲ್ಲ ಶಾಲೆಗಳಲ್ಲೂ ಸಂಜೆ ಆರೂವರೆಯ ತನಕ ವಿಶೇಷ ತರಗತಿ ಕಡ್ಡಾಯ, ಮಾಡಿದ್ದಕ್ಕೆ ದಿನಾ ಫೋಟೋ ಕಳಿಸಬೇಕು ಎಂದು ಅದೇ ಸಭೆಯಲ್ಲಿ ಹೇಳಿದರು. ನಾನು ಕೈ ಎತ್ತಿ ಮಾತಾಡಿದೆ. ಒಳ್ಳೆಯ ಸಲಹೆ, ಪರಿಶೀಲಿಸೋಣ ಎಂದರು. ಹೊರಗೆ ಬಂದೊಡನೆ ಮುಖ್ಯೋಪಾಧ್ಯಾಯರು ಬೈಕು ಹತ್ತಿ ಹೊರಟರು.

ಆ ಭಾನುವಾರ ಹುಡುಗಿಗೆ ಕಾಲೇಜಿಗೆಂದು ಒಂದು ಬ್ಯಾಗು ತೆಗೆದುಕೊಂಡು ವಸ್ತಿಗೆ ಹೋದೆ. ಹಳೆಯ ಬುಡದಿಂದ ಚಿಗುರಿದ ಕಬ್ಬು ದಾರಿಯ ಎರಡೂ ಕಡೆ ಆಗಲೇ ಸೊಂಟದ ಮಟ್ಟಕ್ಕೆ ಬಂದಿತ್ತು. ಹುಡುಗಿ ಬ್ಯಾಗು ಹೆಗಲಿಗೆ ಹಾಕಿ ಒಳಗೂ ಹೊರಗೂ ಓಡಾಡಿದಳು. ತಾಯಿ ಚಹಾ ತಂದು ಎದುರಿಗೆ ಕುಳಿತಳು. ಗೋಡೆಗೆ ಒರಗಿದ್ದ ತಂಗಿಯ ಕೈಯಲ್ಲಿ ಈಗ ಅಕ್ಕನ ಹತ್ತನೆಯ ತರಗತಿಯ ಪುಸ್ತಕಗಳಿದ್ದವು. ತಾಯಿ ಅವಳ ಕಡೆ ಕಣ್ಣು ತೋರಿಸಿ, ಈ ವರ್ಷ ಸಂಜೆ ಎಷ್ಟಕ್ಕೆ ಬಿಡುತ್ತಾರೆ ಎಂದು ಕೇಳಿದಳು.

ಸುಳ್ಳು ಹೇಳಬಹುದಿತ್ತು. ಹ್ಯಾಗೋ ಆಗುತ್ತದೆ, ಸರ್ ಜೊತೆ ಮಾತಾಡುತ್ತೇನೆ ಎನ್ನಬಹುದಿತ್ತು. ಮಾತಾಡಿಯೂ ಆಗಿತ್ತು. ಆರೂವರೆಗೆ ಎಂದೆ.

ತಾಯಿ ನನ್ನ ಮೇಲೆ ಸಿಟ್ಟಾಗಲಿಲ್ಲ. ಅಂಗಳದ ಆಚೆ ಕಬ್ಬಿನ ಕಡೆ ಒಮ್ಮೆ ನೋಡಿದಳು, ಅದು ಎಷ್ಟು ದಿನಕ್ಕೆ ಎಷ್ಟು ಬೆಳೆಯುತ್ತದೆ ಎಂಬುದು ಅವಳಿಗೆ ಗೊತ್ತು. ಖಾಲಿ ಕಪ್ಪು ಎತ್ತಿಕೊಂಡು ಎದ್ದಳು.

"ಹಂಗಾದ್ರ ದಸರಾ ತನಕ ಕಳಸ್ತೇನ್ರಿ ಅಕ್ಕೋರ."